ಹತ್ತು ವ್ಯಾಟಿನ ಹಕ್ಕು

ನಮ್ಮ ಭಾವನವರಿಗೆ ಫ್ಯೂಸ್ ಹಾಕಲು ಬರುವುದಿಲ್ಲ. ಬಲ್ಬ್ ಬದಲಾಯಿಸಬೇಕಾದರೆ ಅಕ್ಕ ಸ್ಟೂಲ್ ಹತ್ತುತ್ತಾಳೆ, ಭಾವ ಸ್ಟೂಲಿನ ಕಾಲು ಹಿಡಿದುಕೊಂಡು "ಹುಷಾರು, ಹುಷಾರು" ಎನ್ನುತ್ತಾರೆ. ಹೀಗಿದ್ದೂ ಇಪ್ಪತ್ತೆರಡು ವರ್ಷದಿಂದ ದೇಶದ ಕರೆಂಟನ್ನೆಲ್ಲ ಹಂಚುತ್ತಿರುವವರು ಅವರೇ ಎಂದು ಅವರ ಕಟ್ಟಡದ ಜನ ನಂಬಿದ್ದರು. ನಂಬಿಸಿದವರು ಬೇರೆ ಯಾರೂ ಅಲ್ಲ.

ಅವರ ಕಚೇರಿಯ ಹೆಸರು ವಿದ್ಯುತ್ ಸಾಗಣೆ ಸಾಮರ್ಥ್ಯ ಹಂಚಿಕೆ ಕೇಂದ್ರ. ಮೊದಲೆಲ್ಲ ಕರೆಂಟು ತಯಾರಿಸುವುದು, ಸಾಗಿಸುವುದು, ಮಾರುವುದು ಒಂದೇ ಇಲಾಖೆಯ ಕೆಲಸವಾಗಿತ್ತು. ಆಮೇಲೆ ಸರ್ಕಾರ ಬಾಗಿಲು ತೆಗೆಯಿತು: ಯಾರು ಬೇಕಾದರೂ ತಯಾರಿಸಿ, ಯಾರಿಗೆ ಬೇಕಾದರೂ ಮಾರಿ. ತಯಾರಿಸುವವರು ನೂರು ಜನ ಆದರು, ಮಾರುವವರು ಇನ್ನೂರು ಜನ ಆದರು, ತಂತಿ ಮಾತ್ರ ಮೊದಲಿದ್ದದ್ದೇ ಉಳಿಯಿತು. ಆ ತಂತಿಯಲ್ಲಿ ಯಾರ ಕರೆಂಟಿಗೆ ಎಷ್ಟು ಜಾಗ ಎಂದು ತೀರ್ಮಾನಿಸುವುದು ಈ ಕೇಂದ್ರ. ತೀರ್ಮಾನಿಸುವವರು ಆರನೇ ಮಹಡಿಯ ಗಾಜಿನ ಕೋಣೆಯಲ್ಲಿ, ಗೋಡೆಯಗಲದ ಪರದೆಗಳ ಮುಂದೆ ಕೂರುತ್ತಾರೆ. ಭಾವ ಕೂರುವುದು ನೆಲಮಹಡಿಯ ಟಪಾಲು ವಿಭಾಗದಲ್ಲಿ. ಬಂದ ಅರ್ಜಿಗೆ ‘ಸ್ವೀಕರಿಸಿದೆ’ ಎಂದು ಮೊಹರು ಒತ್ತಿ ಮೇಲಕ್ಕೆ ಕಳಿಸುವುದಷ್ಟೇ ಕೆಲಸ. ಓದಲೇಬೇಕೆಂದು ಯಾರೂ ಹೇಳಿರಲಿಲ್ಲ, ಭಾವ ಓದುತ್ತಿದ್ದರು. ಓದಿ ಓದಿ ನಿಯಮಾವಳಿ ಪೂರ್ತಿ ಬಾಯಿಪಾಠವಾಗಿತ್ತು. ಅರ್ಥವಾಗಿತ್ತೇ ಎಂದು ಮಾತ್ರ ಕೇಳಬೇಡಿ.

ಕಟ್ಟಡದಲ್ಲಿ ಅವರಿಗೆ ‘ಹಂಚಿಕೆ ಸಾರ್’ ಎಂದೇ ಹೆಸರು. ಯಾರಾದರೂ "ಏನ್ ಸಾರ್, ಇವತ್ತು ಎಷ್ಟು ಹಂಚಿದ್ರಿ?" ಎಂದರೆ ಭಾವ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, "ಉತ್ತರದ ಲೈನು ತುಂಬಾ ಟೈಟಾಗಿದೆ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ಚೀಲದಲ್ಲಿ ಇರುತ್ತಿದ್ದದ್ದು ಊಟದ ಡಬ್ಬಿ, ಕೊಡೆ.

ಅದು ನಾಲ್ಕು ಮಹಡಿಯ ಹಳೇ ಕಟ್ಟಡ. ಎಂಟು ಮನೆ. ಬೀದಿ ಕಂಬದಿಂದ ಬರುವ ಕೇಬಲ್ಲು ಒಂದೇ, ಮೀಟರುಗಳ ಹಲಗೆ ಮೊದಲ ಮಹಡಿಯ ಮೆಟ್ಟಿಲ ತಿರುವಿನಲ್ಲಿ. ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಎಲ್ಲರೂ ಎಲ್ಲವನ್ನೂ ಹಾಕಿದರೆ ಮೇನ್ ಫ್ಯೂಸ್ ಢಂ ಎನ್ನುತ್ತಿತ್ತು. ಹಾಗಾಗದಿರಲಿ ಎಂದು ಒಂದು ಪದ್ಧತಿ ಬೆಳೆದಿತ್ತು. ಯಾರೂ ಕೂತು ಮಾಡಿದ್ದಲ್ಲ. ದೊಡ್ಡ ಸಾಮಾನು ಹಾಕುವವರು ಮೊದಲು ಮೆಟ್ಟಿಲ ಬಳಿ ಬಂದು ಕೂಗಬೇಕು, ಅಷ್ಟೇ.

"ಇಸ್ತ್ರಿ ಹಾಕ್ತಾ ಇದೀನ್ರೀ!"

"ಒಂದೈದು ನಿಮಿಷ ತಡೀರಿ, ಹೀಟರ್ ಆರಿಸ್ತೀನಿ!"

"ನಂದೂ ಇದೆ, ಆಮೇಲೆ ನಾನು!"

ಮೆಟ್ಟಿಲ ಸಂದಿಯಲ್ಲಿ ಈ ಕೂಗು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಗಲಾಟೆ ಎಂದರೆ ಗಲಾಟೆಯೇ. ಆದರೂ ವಾರಕ್ಕೊಮ್ಮೆಗಿಂತ ಹೆಚ್ಚು ಫ್ಯೂಸ್ ಹೋಗುತ್ತಿರಲಿಲ್ಲ.

ಹೋದಾಗ ಎಲ್ಲರಿಗಿಂತ ಹೆಚ್ಚು ಕಷ್ಟವಾಗುತ್ತಿದ್ದದ್ದು ಎರಡನೇ ಮಹಡಿಯ ಭಾವನ ಮನೆಗೆ. ಅವರ ತಾಯಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕಣ್ಣೆರಡೂ ಮಂಜು. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಗಿ, ಆರು ತಿಂಗಳು ನರಳಿ, ಹೇಗೋ ವಾಸಿಯಾಗಿತ್ತು. ಆಮೇಲೆ ಗಾಳಿ ಹಾಸಿಗೆ ತಂದರು. ಮಂಚದ ಕಾಲಿಗೆ ನೇತುಹಾಕಿದ ಡಬ್ಬಿಯಂಥ ಮೋಟರು ಹಗಲೂ ರಾತ್ರಿ ಗುರ್ ಗುರ್ ಎನ್ನುತ್ತ ಒಂದು ಸಾಲಿಗೆ ಗಾಳಿ ತುಂಬುತ್ತದೆ, ಇನ್ನೊಂದು ಸಾಲಿನದು ಬಿಡುತ್ತದೆ. ಒಂದೇ ಜಾಗದ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಅದು ಕುಡಿಯುವ ಕರೆಂಟು ಹತ್ತೇ ವ್ಯಾಟ್. ಅದಿಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ಹಾಸಿಗೆ ಚಪ್ಪಟೆಯಾಗಿ ಮೂಳೆಗೆ ಹಲಗೆ ತಾಗುತ್ತದೆ. ಮನೆಯಲ್ಲಿದ್ದ ಬ್ಯಾಟರಿ ಯಾವಾಗಲೋ ಸತ್ತು, ಅದರ ಮೇಲೆ ನೀರಿನ ಕ್ಯಾನ್ ಇಟ್ಟಿದ್ದರು.

ಗಾಯ ನೋಡಲು ಬರುತ್ತಿದ್ದ ನರ್ಸಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದರು: "ಇನ್ನೊಂದು ಸಲ ಹುಣ್ಣಾದ್ರೆ ವಾಸಿ ಆಗಲ್ಲ ಕಣ್ರೀ. ಈ ವಯಸ್ಸಲ್ಲಿ ಚರ್ಮ ಮತ್ತೆ ಕೂಡ್ಕೊಳ್ಳಲ್ಲ."

ನಾನು ಪಕ್ಕದ ಬೀದಿಯವನು, ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಸಂಜೆ ಆರೂವರೆಗೆ ಭಾವನ ತಾಯಿಯ ಮಗ್ಗುಲು ಬದಲಾಯಿಸಲು ಅಕ್ಕನಿಗೆ ಇನ್ನೊಂದು ಜೊತೆ ಕೈ ಬೇಕಾಗುತ್ತಿತ್ತು, ಅದಕ್ಕೆ ದಿನಾ ಹೋಗುತ್ತಿದ್ದೆ. ಅವರನ್ನು ನಾನೂ ಅಮ್ಮ ಎಂದೇ ಕರೆಯುತ್ತಿದ್ದೆ. ಮೋಟರಿನ ಸದ್ದು ತಲೆನೋವು ತರುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಇಲ್ಲಪ್ಪ, ಅದು ಗುರ್ ಅಂತಿದ್ರೆ ಯಾರೋ ಪಕ್ಕದಲ್ಲಿದಾರೆ ಅನ್ಸುತ್ತೆ" ಎಂದಿದ್ದರು.

ಒಂದು ಸಂಜೆ ಮೂರನೇ ಮಹಡಿಯ ಟೈಲರ್ ಕೂಗದೇ ಇಸ್ತ್ರಿ ಹಾಕಿಬಿಟ್ಟ. ಫ್ಯೂಸ್ ಹೋಯಿತು. ಮೊದಲ ಮಹಡಿಯಲ್ಲಿ ಐಸ್ ವ್ಯಾಪಾರ ಮಾಡುವವನೊಬ್ಬನಿದ್ದ, ಕಟ್ಟಡಕ್ಕೆಲ್ಲ ಅವನು ಐಸ್ ಮಾಮ. ಫ್ರೀಜರಿನಿಂದ ನೀರು ಸೋರುವುದನ್ನು ಕಂಡವನೇ ಮೆಟ್ಟಿಲೇರಿ ಬಂದ.

"ಕೂಗ್ಲಿಲ್ಲ ಯಾಕಯ್ಯಾ?"

"ಗಂಟಲು ಕಟ್ಟಿದೆ ಮಾಮ!"

"ಗಂಟಲು ಕಟ್ಟಿದೆ ಅಂತ ಹೇಳೋಕೆ ಮಾತ್ರ ಇಷ್ಟು ಜೋರಾಗಿ ಬರುತ್ತಲ್ಲ!"

ಮೆಟ್ಟಿಲ ತುಂಬ ಜನ ಸೇರಿದರು. ಅಷ್ಟರಲ್ಲಿ ಭಾವ ಚೀಲ ಹಿಡಿದು ಕಚೇರಿಯಿಂದ ಬಂದರು. ನೆಲಮಹಡಿಯ ಹೆಡ್‌ಮಿಸ್, ಅಂದರೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಶಾಲೆಯಲ್ಲಿ ಕೊನೆ ಬೆಂಚಿನವನನ್ನು ಎಬ್ಬಿಸುವ ಹಾಗೆ ಬೆರಳು ತೋರಿಸಿ ಕೇಳಿದರು: "ಸಾರ್, ದೇಶದ್ದೆಲ್ಲ ಹಂಚ್ತೀರಿ. ಎಂಟು ಮನೇದು ಹಂಚೋಕಾಗಲ್ವಾ?"

‘ನಾನು ಮೊಹರು ಮಾತ್ರ ಒತ್ತೋದು’ ಎಂದು ಭಾವ ಆಗ ಹೇಳಿಬಿಟ್ಟಿದ್ದರೆ ಈ ಕಥೆ ಬರೆಯುವ ಗತಿ ನನಗೆ ಬರುತ್ತಿರಲಿಲ್ಲ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಒಂದು ವಾರ ಟೈಮ್ ಕೊಡಿ" ಎಂದರು.

ಆ ವಾರ ಭಾವನವರ ನಡಿಗೆಯೇ ಬದಲಾಯಿತು. ಹದಿನಾರು ಕಾಲಮ್ಮಿನ ಅರ್ಜಿ ನಮೂನೆ ತಯಾರಾಯಿತು. ನಾನೇ ಪ್ರೆಸ್ಸಿನಲ್ಲಿ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ತಂದೆ, ಒಂದೂ ಅಕ್ಷರ ತಪ್ಪಿರಲಿಲ್ಲ. ನೂರು ವ್ಯಾಟಿಗೆ ಒಂದು ಪಾಲು, ಅದಕ್ಕಿಂತ ಕಡಿಮೆಗೆ ಅರ್ಜಿ ಹಾಕುವ ಹಾಗಿಲ್ಲ. ಕೇಬಲ್ಲು ಒಂದು ಹೊತ್ತಿಗೆ ಎಂಟು ಸಾವಿರ ವ್ಯಾಟ್ ತಡೆಯುತ್ತದೆ ಎಂದು ವೈರ್‌ಮ್ಯಾನ್ ಹೇಳಿದ್ದ. ಅಲ್ಲಿಗೆ ಎಂಬತ್ತು ಪಾಲು. ಅರ್ಜಿಗಳು ಬಂದದ್ದು ನೂರೈವತ್ತಮೂರು ಪಾಲಿಗೆ. ಕೇಳಿದ್ದರಲ್ಲಿ ಅರ್ಧ ಕೊಡುತ್ತಾರೆ ಎಂದು ಎಲ್ಲರೂ ಎರಡರಷ್ಟು ಕೇಳಿದ್ದರು.

ಭಾವ ಎರಡು ದಿನ ತಲೆ ಮೇಲೆ ಕೈ ಹೊತ್ತು ಕೂತರು. ಮೂರನೇ ದಿನ ಹಲ್ಲುಜ್ಜುತ್ತಿದ್ದವರು ನೊರೆಬಾಯಲ್ಲೇ "ಎದುರು ಹರಿವು!" ಎಂದು ಕೂಗಿದರು.

ಇದು ಅವರ ಕಚೇರಿಯ ನಿಜವಾದ ನಿಯಮ. ಉದ್ದನೆಯ ಲೈನಿನಲ್ಲಿ ಈ ತುದಿಯಿಂದ ಆ ತುದಿಗೆ ಒಬ್ಬ ಕಳಿಸುತ್ತಾನೆ, ಆ ತುದಿಯಿಂದ ಈ ತುದಿಗೆ ಇನ್ನೊಬ್ಬ ಕಳಿಸುತ್ತಾನೆ ಎನ್ನಿ. ಎರಡೂ ಪರಸ್ಪರ ವಜಾ ಆಗುತ್ತವೆ, ತಂತಿಯಲ್ಲಿ ಜಾಗ ಉಳಿಯುತ್ತದೆ. ಆರನೇ ಮಹಡಿಯವರು ಲೆಕ್ಕ ಹಾಕಿ, ಯಂತ್ರದಲ್ಲಿ ಪರೀಕ್ಷಿಸಿ ಅನುಮತಿ ಕೊಡುತ್ತಾರೆ. ಭಾವ ಅದನ್ನು ಮೆಟ್ಟಿಲ ಮೇಲೆ ನಿಂತು ವೈರ್‌ಮ್ಯಾನ್‌ಗೆ ವಿವರಿಸಿದರು.

"ನೋಡು, ಹಲಗೆ ಇರೋದು ಮೊದಲ ಮಹಡೀಲಿ. ಮೇಲಿನ ಮನೆಗಳಿಗೆ ಕರೆಂಟು ಹತ್ತುತ್ತೆ. ಕೆಳಗಿನ ಮನೆಗಳಿಗೆ ಇಳಿಯುತ್ತೆ. ಹತ್ತೋದು, ಇಳಿಯೋದು ಎದುರುಬದುರು. ವಜಾ!"

ವೈರ್‌ಮ್ಯಾನ್ ಟೆಸ್ಟರಿನಿಂದ ಕಿವಿ ಕೆರೆದುಕೊಂಡ. "ಸಾರ್, ಎರಡೂ ಬರೋದು ಅದೇ ಬೀದಿ ಕಂಬದಿಂದ ಅಲ್ವಾ?"

"ನೀನು ನಿಯಮಾವಳಿ ಓದಿದೀಯಾ?"

"ಇಲ್ಲ ಸಾರ್."

"ನಾನು ಇಪ್ಪತ್ತೆರಡು ವರ್ಷ ಓದಿದೀನಿ."

ವೈರ್‌ಮ್ಯಾನ್ ಟೆಸ್ಟರನ್ನು ಜೇಬಿಗೆ ಹಾಕಿಕೊಂಡ. ಆದರೂ ಬಾಯಿ ತಡೆಯಲಿಲ್ಲ. "ಇಷ್ಟೆಲ್ಲ ಕೊಟ್ರೆ ಫ್ಯೂಸ್ ಹೋಗುತ್ತಲ್ಲ ಸಾರ್?"

"ಹಕ್ಕು ಕೊಟ್ಟ ಮೇಲೆ ತಡೆಯೋಕೆ ಫ್ಯೂಸ್ ಯಾರಯ್ಯಾ? ದಪ್ಪ ತಂತಿ ಹಾಕು."

"ನಿಮ್ಮ ಜವಾಬ್ದಾರಿ ಸಾರ್."

"ಬರೆದು ಕೊಡ್ತೀನಿ" ಎಂದರು ಭಾವ. ಕೊಟ್ಟೂಬಿಟ್ಟರು.

ಹೀಗೆ ಎಲ್ಲರಿಗೂ ಕೇಳಿದಷ್ಟು ಸಿಕ್ಕಿತು. ಉಳಿದದ್ದು ಒಂದು ಅರ್ಜಿ. ಅಕ್ಕ ಅಡುಗೆಮನೆಯಲ್ಲಿ ನಿಂತೇ ತುಂಬಿಸಿದ್ದಳು: ‘ಅತ್ತೆಯ ಹಾಸಿಗೆಗೆ, ಹತ್ತು ವ್ಯಾಟ್.’

ಭಾವ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ತಂದರು. "ಕನಿಷ್ಠ ನೂರು ಇರ್ಬೇಕು."

"ನೂರು ಅಂತಲೇ ಬರ್ಕೊಳ್ಳಿ ಹಾಗಾದ್ರೆ."

"ಸುಳ್ಳು ಬೇಡಿಕೆ ತೋರಿಸೋದು ಅಪರಾಧ. ಅಲ್ಲದೆ ಹಂಚೋನು ತನ್ನ ಮನೆಗೆ ಹಂಚ್ಕೋಬಾರ್ದು, ಕಲಮು ಹದಿನೆಂಟು."

"ರೀ, ಹಾಸಿಗೆ ಮೇಲಿರೋದು ನಿಮ್ಮಮ್ಮ. ಕಲಮು ಅಲ್ಲ."

"ನಮ್ಮನೆ ಉಳಿಕೇಲಿ ನಡಿಯುತ್ತೆ ಕಣೆ. ಎಂಟು ಸಾವಿರದಲ್ಲಿ ಹತ್ತು ಉಳಿಯಲ್ವೇ?"

ಅದಕ್ಕಾಗಿ ವೈರ್‌ಮ್ಯಾನ್ ಹಲಗೆಯಲ್ಲಿ ‘ಉಳಿಕೆ ಸ್ವಿಚ್ಚು’ ಎಂದು ಒಂದನ್ನು ಕೂರಿಸಿದ. ಕಟ್ಟಡದ ಒಟ್ಟು ಬಳಕೆ ಎಂಟು ಸಾವಿರ ದಾಟಿದ ಕೂಡಲೇ ಅದು ಟಕ್ ಎಂದು ಭಾವನ ಮನೆಯನ್ನು ಕತ್ತರಿಸುತ್ತದೆ, ಇಳಿದ ಮೇಲೆ ಮತ್ತೆ ಕೂಡಿಸುತ್ತದೆ. ಹಕ್ಕುಪತ್ರ ವಿತರಣೆಯ ದಿನ ಹೆಡ್‌ಮಿಸ್ ಕೇಳಿದರು: "ಸಾರ್, ನಿಮ್ಮನೆಗೆ ಎಷ್ಟು ತಗೊಂಡ್ರಿ?"

"ಒಂದು ಪಾಲೂ ಇಲ್ಲ" ಎಂದರು ಭಾವ. "ನಮಗೆ ಬೇರೆ ವ್ಯವಸ್ಥೆ ಇದೆ."

ಹೇಳಿ ಒಂದು ಸಣ್ಣ ನಗೆ ನಕ್ಕರು. ಕಚೇರಿಯಿಂದಲೇ ನೇರ ಲೈನು ಇರಬೇಕು ಎಂದು ಜನ ಕಣ್ಣಲ್ಲೇ ಮಾತಾಡಿಕೊಂಡರು.

ಹಕ್ಕುಪತ್ರದ ಕೊನೆಯಲ್ಲಿ ಕೆಂಪು ಶಾಯಿಯ ಒಂದು ಸಾಲು ಇತ್ತು: ‘ಬಳಸದಿದ್ದರೆ ರದ್ದು.’ ಕಚೇರಿಯಲ್ಲಿ ಈ ನಿಯಮಕ್ಕೆ ಅರ್ಥವಿದೆ. ದೊಡ್ಡ ವ್ಯಾಪಾರಿಗಳು ತಂತಿಯಲ್ಲಿ ಜಾಗ ಹಿಡಿದಿಟ್ಟುಕೊಂಡು, ತಾವೂ ಬಳಸದೆ ಬೇರೆಯವರಿಗೂ ಬಿಡದೆ ಕೂರಬಾರದು ಎಂದು ಮಾಡಿದ್ದು. ಇಲ್ಲಿ ಅದನ್ನು ಓದಿದ್ದು ಹೆಡ್‌ಮಿಸ್, ಗಟ್ಟಿಯಾಗಿ, ಎಲ್ಲರ ಮುಂದೆ, ಎರಡು ಸಲ.

ಮಾರನೆಯ ಸಂಜೆಯಿಂದ ಕಟ್ಟಡದಲ್ಲಿ ಕೂಗು ನಿಂತಿತು. ಹಕ್ಕು ಇರುವವರು ಯಾಕೆ ಕೂಗಬೇಕು? ಎಲ್ಲರೂ ಬಾಗಿಲು ಹಾಕಿಕೊಂಡು ಹಕ್ಕು ಬಳಸತೊಡಗಿದರು. ಹೆಡ್‌ಮಿಸ್‌ಗೆ ಹತ್ತು ಪಾಲು ಸಿಕ್ಕಿತ್ತು, ಇಸ್ತ್ರಿ ಮಾಡಲು ಬಟ್ಟೆ ಅಷ್ಟಿರಲಿಲ್ಲ. ಕಿಟಕಿಯ ಪರದೆಗಳನ್ನು ದಿನಾ ಬಿಚ್ಚಿ ಇಸ್ತ್ರಿ ಮಾಡಿ ಮತ್ತೆ ಕಟ್ಟಿದರು. ಟೈಲರ್ ಎರಡೂ ಮೋಟರ್ ಮೆಷಿನ್ನುಗಳನ್ನು ದಾರವಿಲ್ಲದೆ ಓಡಿಸಿದ. ಐಸ್ ಮಾಮ ನೀರನ್ನು ಗಡ್ಡೆ ಮಾಡುವುದು, ಗಡ್ಡೆಯನ್ನು ಚರಂಡಿಗೆ ಸುರಿಯುವುದು, ಮತ್ತೆ ನೀರು ತುಂಬುವುದು. ಮೇಲಿನ ಹೊಸ ದಂಪತಿ ಬೇಸಿಗೆಯಲ್ಲಿ ಹೀಟರ್ ಹಾಕಿ, ಸೆಕೆ ತಡೆಯಲಾರದೆ ಇಬ್ಬರೂ ಬಾಲ್ಕನಿಯಲ್ಲಿ ನಿಂತರು. ಒಬ್ಬರನ್ನೊಬ್ಬರು ಬೇಸರದಿಂದ ನೋಡಿಕೊಳ್ಳಲು ಅವರಿಗೆ ಇನ್ನೂ ವರ್ಷಗಟ್ಟಲೆ ಸಮಯವಿತ್ತು, ಭಾವನವರ ಯೋಜನೆಯಿಂದ ಬೇಗನೆ ಶುರುವಾಯಿತು.

ಆರು ಗಂಟೆ ಮೂವತ್ತೆರಡು ನಿಮಿಷಕ್ಕೆ ಉಳಿಕೆ ಸ್ವಿಚ್ಚು ಟಕ್ ಎಂದಿತು. ಭಾವನ ಮನೆ ಕತ್ತಲಾಯಿತು. ಮೋಟರು ಒಂದು ಸಲ ಗೊರ್ ಎಂದು ನಿಂತಿತು.

"ಏನೂ ಆಗಿಲ್ಲ. ಮೊದಲ ದಿನದ ಉತ್ಸಾಹ" ಎಂದರು ಭಾವ. ಎರಡನೇ ದಿನ, "ಇನ್ನೂ ಇಳಿದಿಲ್ಲ" ಎಂದರು. ಐದನೇ ದಿನ ಸ್ವಿಚ್ಚು ಟಕ್ ಎನ್ನುವ ಮೊದಲೇ ಮೇಣದಬತ್ತಿ ಹುಡುಕಿದರು.

ದಿನಾ ಎರಡೂವರೆ ಗಂಟೆ. ಅಕ್ಕ, ನಾನು ಮೇಣದಬತ್ತಿಯ ಬೆಳಕಿನಲ್ಲಿ ಅಮ್ಮನ ಸುತ್ತ ದಿಂಬು ತುರುಕುತ್ತಿದ್ದೆವು, ತೆಗೆಯುತ್ತಿದ್ದೆವು, ಮಗ್ಗುಲು ಬದಲಾಯಿಸುತ್ತಿದ್ದೆವು. ಅಮ್ಮ ತೀರಾ ಹಗುರವಾಗಿದ್ದರು. "ಕರೆಂಟು ಹೋಯ್ತೇನೋ?" ಎಂದು ಕೇಳುತ್ತಿದ್ದರು. "ಈಗ ಬರುತ್ತಮ್ಮಾ" ಎನ್ನುತ್ತಿದ್ದರು ಭಾವ. ಕಿಟಕಿಯ ಪರದೆ ಸರಿಸಲೇಬಾರದು ಎಂದು ಅಕ್ಕನಿಗೆ ಕಟ್ಟಪ್ಪಣೆಯಾಗಿತ್ತು. ಹಂಚಿಕೆ ಸಾರ್ ಮನೆಯಲ್ಲಿ ಮೇಣದಬತ್ತಿ ಉರಿಯುವುದು ಹೊರಗಿನವರಿಗೆ ಕಾಣಬಾರದಿತ್ತು.

ಪಕ್ಕದ ಮನೆಯಿಂದ ಒಂದು ವೈರು ಎಳೆದುಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಹತ್ತು ವ್ಯಾಟಿಗೆ ಯಾರು ಇಲ್ಲ ಎನ್ನುತ್ತಿದ್ದರು? ಆದರೆ ಕೇಳಬೇಕಲ್ಲ. ಕೇಳಿದರೆ ‘ಬೇರೆ ವ್ಯವಸ್ಥೆ’ಯ ಬಣ್ಣ ಬಯಲಾಗುತ್ತದಲ್ಲ. ನಾನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಭಾವನ ಮರ್ಯಾದೆ ಎಂದುಕೊಂಡೆ. ಈಗ ಅದು ನೆನಪಾದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಹತ್ತನೇ ದಿನ ನರ್ಸಮ್ಮ ಬಂದು ಅಮ್ಮನ ಬೆನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಕೆಂಪಗಾಗಿದೆ" ಎಂದರು. "ಮೋಟರು ಓಡ್ತಿದೆ ತಾನೆ?"

ಭಾವ ಗೋಡೆಯ ಕಡೆ ನೋಡಿದರು. ನರ್ಸಮ್ಮ ಹೋದ ಮೇಲೆ ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು, "ನಾಳೆ ಸಂಜೆ ನಾನೇ ಒಂದೊಂದು ಬಾಗಿಲೂ ತಟ್ತೀನಿ" ಎಂದಳು.

"ಬೇಡ. ನಾನೇ ಹೋಗ್ತೀನಿ."

"ಬಾಯಿ ಬಿಟ್ಟು ಕೇಳ್ತೀರಾ?"

"ಕೇಳ್ತೀನಿ ಅಂದ್ನಲ್ಲ."

ಮಾರನೆಯ ಸಂಜೆ ಆರೂ ಮುಕ್ಕಾಲಿಗೆ ಹೊರಟೆವು. ಬರಿಗೈಯಲ್ಲಿ ಹೋಗಲು ಸಂಕೋಚವೆಂದು ಭಾವ ಕಂಕುಳಲ್ಲಿ ಫೈಲು ಇಟ್ಟುಕೊಂಡರು. ಎಡವಟ್ಟಾದದ್ದು ಅಲ್ಲೇ. ಹೆಡ್‌ಮಿಸ್ ಬಾಗಿಲು ತೆಗೆದು ಮೊದಲು ನೋಡಿದ್ದು ಭಾವನ ಮುಖವನ್ನಲ್ಲ, ಫೈಲನ್ನು.

ಭಾವ ಗಂಟಲು ಸರಿಮಾಡಿಕೊಂಡರು. ‘ನಮ್ಮಮ್ಮನಿಗೆ ಹತ್ತು ವ್ಯಾಟ್ ಬೇಕು’ ಎಂಬ ಮಾತು ತುಟಿಯವರೆಗೆ ಬಂದದ್ದನ್ನು ನಾನೇ ಕಂಡೆ. ಹೊರಗೆ ಬಿದ್ದದ್ದು ಬೇರೆ: "ತಮ್ಮ ಹಕ್ಕಿನಲ್ಲಿ... ಬಳಸದೇ ಉಳಿದದ್ದು... ಏನಾದ್ರೂ ಇದೆಯಾ?"

ಹೆಡ್‌ಮಿಸ್ ಮುಖ ಬಿಳುಚಿಕೊಂಡಿತು. "ಬಳಸದೇ ಇರೋದಾ? ಎಲ್ಲಿದೆ ಸಾರ್? ಪೂರ್ತಿ ಬಳಸ್ತಾ ಇದೀನಿ! ಬನ್ನಿ, ನೋಡಿ!" ಎಂದು ಓಡಿಹೋಗಿ ಇಸ್ತ್ರಿಯ ಜೊತೆಗೆ ನೀರು ಕಾಯಿಸುವ ಹೀಟರನ್ನೂ ಹಾಕಿಬಿಟ್ಟರು. ಬಕೆಟ್ಟಿನಲ್ಲಿ ಅರ್ಧ ನೀರೂ ಇರಲಿಲ್ಲ.

"ತಪಾಸಣೆ ಬಂದಿದೆ!" ಎಂಬ ಸುದ್ದಿ ನಮಗಿಂತ ಮೊದಲೇ ಮೆಟ್ಟಿಲು ಹತ್ತಿತು. ಐಸ್ ಮಾಮ ಮೂಲೆಯಲ್ಲಿದ್ದ ಕೆಟ್ಟ ಫ್ರೀಜರನ್ನೂ ಎಳೆದು ತಂದು ಸಿಕ್ಕಿಸಿದ. "ನೋಡಿ ಸಾರ್, ಹದಿನೆಂಟು ಪಾಲಿಗೆ ಹತ್ತೊಂಬತ್ತು ಬಳಸ್ತಿದೀನಿ. ಒಂದು ಜಾಸ್ತಿ ಬರೆದುಕೊಡಿ!"

"ಅದಲ್ಲ ಮಾಮ, ಯಾರಾದ್ರೂ ಒಂದು ಸ್ವಲ್ಪ, ಬಹಳ ಸ್ವಲ್ಪ, ಬಿಟ್ಟುಕೊಟ್ರೆ..."

"ಬಿಟ್ಟುಕೊಡೋದಾ? ನನ್ನ ಹಕ್ಕು ಸಾರ್! ನೀವೇ ಮೊಹರು ಹಾಕಿದೀರಿ!" ಎಂದು ಹಕ್ಕುಪತ್ರ ತಂದು ತೋರಿಸಿದ. ಕಟ್ಟು ಹಾಕಿಸಿ ಗಾಜು ಕೂರಿಸಿದ್ದ.

ಟೈಲರ್ ಬಾಗಿಲು ತೆಗೆಯಲೇ ಇಲ್ಲ. ಒಳಗಿನಿಂದ ಕೂಗಿದ: "ಎರಡೂ ಇಸ್ತ್ರಿ ಹಾಕಿದೀನಿ ಸಾರ್! ಮೆಷಿನ್ನೂ ಓಡ್ತಿದೆ! ಕೇಳಿಸ್ತಿದೆ ಅಲ್ವಾ?" ಹೊಸ ದಂಪತಿಯ ಮನೆಯಲ್ಲಿ ಮಿಕ್ಸಿ ಖಾಲಿಯಾಗಿ ಕಿರುಚುತ್ತಿತ್ತು.

ಭಾವ ಮೂರನೇ ಮಹಡಿಯ ಮೆಟ್ಟಿಲ ಮೇಲೆ ನಿಂತರು. ಎಂಟು ಮನೆಯಲ್ಲಿ ಏಳು ಮನೆಯ ಬಾಗಿಲ ಸಂದಿಯಿಂದಲೂ ಬೆಳಕು ಚೆಲ್ಲುತ್ತಿತ್ತು. ಅವರು ಫೈಲು ಕೆಳಗಿಟ್ಟರು. ನನ್ನ ಕಡೆ ತಿರುಗಿ, "ನಾನು ಕೇಳಿದ್ದು ಸರಿಯಾಗ್ಲಿಲ್ಲ ಅಲ್ವಾ?" ಎಂದರು. ಆಮೇಲೆ ಏನನ್ನೋ ನಿರ್ಧರಿಸಿದವರ ಹಾಗೆ, ಮೆಟ್ಟಿಲ ಸಂದಿಗೆ ಬಾಗಿ, ಹಿಂದೆ ಎಲ್ಲರೂ ಕೂಗುತ್ತಿದ್ದ ಹಾಗೆಯೇ ಕೂಗಿದರು:

"ನಮ್ಮಮ್ಮಂಗೆ ಹತ್ತು ವ್ಯಾಟ್ ಬೇಕ್ರೀ!"

ಮಿಕ್ಸಿ, ಮೆಷಿನ್ನು, ಫ್ರೀಜರುಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಲು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗೆ ಹಲಗೆಯ ಹತ್ತಿರ ರಬ್ಬರ್ ಸುಟ್ಟ ವಾಸನೆ ಬಂತು, ಚಟಚಟ ಎಂದಿತು, ನೀಲಿ ಬೆಳಕು ಒಮ್ಮೆ ಗೋಡೆಯ ಮೇಲೆಲ್ಲ ಓಡಿತು. ಹತ್ತಿದ್ದು, ಇಳಿದದ್ದು ಎಲ್ಲ ಒಟ್ಟಿಗೆ ವಜಾ ಆಯಿತು. ಕೇಬಲ್ಲು ಕಂಬದವರೆಗೂ ಕರಗಿಹೋಗಿತ್ತು.

ಓಡಿಬಂದ ವೈರ್‌ಮ್ಯಾನ್ ಟಾರ್ಚ್ ಬಿಟ್ಟು ನೋಡಿ, "ಹೊಸದು ಎಳೀಬೇಕು. ಐದು ದಿನ, ಕಡಿಮೆ ಅಂದ್ರೆ" ಎಂದ. ಭಾವ ಬರೆದುಕೊಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ತೋರಿಸಿದ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಏಳು ಮನೆಯವರು ಹಕ್ಕುಪತ್ರ ಹಿಡಿದುಕೊಂಡು, ಐಸ್ ಮಾಮ ಕಟ್ಟು ಸಮೇತ ಹಿಡಿದುಕೊಂಡು, ಎರಡನೇ ಮಹಡಿಗೆ ನುಗ್ಗಿದರು. ಹೆಡ್‌ಮಿಸ್ ಮುಂದೆ. "ಎಲ್ಲಿ ನಿಮ್ಮ ಬೇರೆ ವ್ಯವಸ್ಥೆ? ಅದರಿಂದ ಕೊಡಿ ಈಗ!" ಎಂದು ಬಾಗಿಲು ತಳ್ಳಿದರು.

ಒಳಗೆ ಒಂದು ಮೇಣದಬತ್ತಿ. ಅಕ್ಕ ಹಾಸಿಗೆಯ ಕೊಳವೆಯನ್ನು ಮೋಟರಿನಿಂದ ಬಿಚ್ಚಿ, ಹಳೇ ಸೈಕಲ್ ಪಂಪಿನ ಮೂತಿಗೆ ಬಟ್ಟೆ ಸುತ್ತಿ ಸಿಕ್ಕಿಸಿದ್ದಳು. ಆ ಪಂಪಿನ ನೆನಪು ಹನ್ನೊಂದು ದಿನ ಮೊದಲೇ ನಮಗೆ ಬರಬಾರದಿತ್ತೇ? ಕೇಬಲ್ಲು ಸುಟ್ಟ ಕೂಡಲೇ ಮನೆಗೆ ಓಡಿಬಂದಿದ್ದ ಭಾವ ನೆಲದ ಮೇಲೆ ಕೂತು ಗಾಳಿ ಹೊಡೆಯುತ್ತಿದ್ದರು. ಹೊಡೆಯುತ್ತ, ಬಾಯಲ್ಲಿ, "ಗುರ್... ಗುರ್... ಗುರ್..." ಎನ್ನುತ್ತಿದ್ದರು. ಆ ಸದ್ದಿಲ್ಲದಿದ್ದರೆ ಅಮ್ಮ ಗಾಬರಿಯಾಗುತ್ತಿದ್ದರು. ಉಸಿರು ಕಟ್ಟಿ ನಡುನಡುವೆ ಕೆಮ್ಮು ಬರುತ್ತಿತ್ತು.

ಹೆಡ್‌ಮಿಸ್ ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ಅಮ್ಮ ಮಂಜುಗಣ್ಣನ್ನು ಬಾಗಿಲ ಕಡೆ ತಿರುಗಿಸಿದರು. "ಯಾರೋ ಬಂದಿರೋ ಹಾಗಿದೆ. ಕೂತ್ಕೊಳ್ಳಿ. ಈ ಮೋಟರು ಯಾಕೋ ಇವತ್ತು ಕೆಮ್ತಾ ಇದೆ. ನನ್ನ ಮಗ ಬರ್ಲಿ, ಸರಿ ಮಾಡಿಸ್ತಾನೆ. ಅವನು ಕರೆಂಟಿನ ಆಫೀಸಲ್ಲೇ ಇರೋದು. ಎಲ್ಲಾ ಅವನೇ ಹಂಚೋದು."

ಭಾವ ಗುರ್ ಎನ್ನುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅಳು ಬರುತ್ತಿತ್ತು. ಕಣ್ಣೀರು ಗಲ್ಲದಿಂದ ಇಳಿದು ಪಂಪಿನ ಮೇಲೆ ಬೀಳುತ್ತಿತ್ತು.

ಮೊದಲು ಕೂತದ್ದು ಟೈಲರ್. ಭಾವನ ಕೈಯಿಂದ ಪಂಪು ತೆಗೆದುಕೊಂಡ. ಅವನ ಕಟ್ಟಿದ ಗಂಟಲಿನ ಗುರ್ ಮೋಟರಿಗೆ ಎಷ್ಟು ಹೋಲುತ್ತಿತ್ತೆಂದರೆ ಅಮ್ಮ, "ಹಾಂ, ಸರಿಯಾಯ್ತು ನೋಡಿ" ಎಂದರು. ಅವನ ನಂತರ ಐಸ್ ಮಾಮ. ಹೆಡ್‌ಮಿಸ್ ಪಂಪು ಹೊಡೆಯಲಾರದವರು, ಸದ್ದು ಮಾತ್ರ ಮಾಡಿದರು. ಅದು ಹಾಜರಿ ಕೂಗಿದ ಹಾಗಿತ್ತು. ಐದು ದಿನ, ಹಗಲೂ ರಾತ್ರಿಯೂ, ಏಳು ಮನೆಯವರು ಸರದಿಯಲ್ಲಿ ಬಂದು ಮೋಟರಾದರು. ಸರದಿಗೆ ನಮೂನೆ ಮಾಡಲು ಹೊರಟ ಭಾವನನ್ನು ಅಕ್ಕ ಒಂದೇ ನೋಟದಿಂದ ಕೂರಿಸಿದಳು.

ಆ ದಿನಗಳಲ್ಲೇ ಹೆಡ್‌ಮಿಸ್ ತಮ್ಮ ಹಕ್ಕುಪತ್ರದ ಹಿಂಬದಿಯಲ್ಲಿ ದುಂಡಗೆ ಬರೆದರು: ‘ಅಮ್ಮನ ಹಾಸಿಗೆಗೆ ಹತ್ತು ವ್ಯಾಟ್. ಎಲ್ಲರಿಗಿಂತ ಮೊದಲು.’ ಏಳು ಮನೆಯವರೂ ಸಹಿ ಹಾಕಿದರು. "ಒತ್ತಿ ಸಾರ್" ಎಂದರು. ಭಾವ ‘ಸ್ವೀಕರಿಸಿದೆ’ ಎಂದು ಮೊಹರು ಒತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅರ್ಥ ಮಾಡಿಕೊಂಡು ಒತ್ತಿದ ಮೊಹರು ಅದೊಂದೇ ಇರಬೇಕು.

ಆರನೇ ದಿನ ಹೊಸ ಕೇಬಲ್ಲು ಬಂತು. ಫ್ಯೂಸಿನ ಜಾಗದಲ್ಲಿ ಫ್ಯೂಸ್ ಬಂತು, ಉಳಿಕೆ ಸ್ವಿಚ್ಚು ಹೋಯಿತು, ಮೆಟ್ಟಿಲಲ್ಲಿ ಕೂಗು ಮತ್ತೆ ಶುರುವಾಯಿತು. ಮೋಟರು ಗುರ್ ಎಂದಿತು. ಆದರೆ ಅಷ್ಟರಲ್ಲಿ ಅಮ್ಮನ ಬೆನ್ನಿನ ಕೆಂಪು ಬಾಯಿ ಬಿಟ್ಟಿತ್ತು. ನರ್ಸಮ್ಮ ಹೇಳಿದ್ದ ಹಾಗೆಯೇ ಅದು ಮತ್ತೆ ಕೂಡಿಕೊಳ್ಳಲಿಲ್ಲ. ಸುಟ್ಟ ಹಾಗೆ ಉರಿಯುತ್ತದೆ ಎಂದು ಅಮ್ಮ ನಲವತ್ತು ದಿನ ಒದ್ದಾಡಿದರು. ಒಂದು ಮಧ್ಯಾಹ್ನ, ಮೋಟರು ಓಡುತ್ತಿರುವಾಗಲೇ, ತೀರಿಕೊಂಡರು. ಹೇಗಿದ್ದರೂ ವಯಸ್ಸಾಗಿತ್ತು ಎಂದು ಕಟ್ಟಡದವರೆಲ್ಲ ಹೇಳಿದರು. ಭಾವನ ಮುಖ ನೋಡಿ ಹೇಳಲು ಮಾತ್ರ ಯಾರಿಗೂ ಆಗಲಿಲ್ಲ.

ತಿಂಗಳಾದರೂ ನನಗೆ ಆರೂವರೆಯ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಸಂಜೆ ಕಾಲು ತಾನಾಗಿ ಅತ್ತ ಹೋಯಿತು. ಬಾಗಿಲು ತೆಗೆದ ಅಕ್ಕ ಒಳಕೋಣೆ ತೋರಿಸಿದಳು. ಗುರ್ ಗುರ್ ಸದ್ದು ಕೇಳಿಸಿತು. ಖಾಲಿ ಮಂಚದ ಪಕ್ಕ ಭಾವ ಕುರ್ಚಿ ಹಾಕಿ ಕೂತಿದ್ದರು. ಹಾಸಿಗೆ ಒಂದು ಸಾಲು ಏರುತ್ತಿತ್ತು, ಒಂದು ಸಾಲು ಇಳಿಯುತ್ತಿತ್ತು.

"ಇಸ್ತ್ರಿ ಹಾಕ್ತಾ ಇದೀನ್ರೀ!" ಎಂದು ಮೇಲಿನಿಂದ ಟೈಲರ್ ಕೂಗಿದ.

"ಭಾವ, ಇನ್ನು ಇದನ್ನ ಆರಿಸಬಾರ್ದಾ?" ಎಂದೆ.

ಅವರು ಗಡಿಯಾರ ನೋಡಿದರು, ಹಾಸಿಗೆಯ ಮೇಲೆ ಕೈ ಇಟ್ಟು ಗಾಳಿ ಸರಿಯಾಗಿದೆಯೇ ಎಂದು ಒತ್ತಿ ನೋಡಿದರು.

"ಒಂಬತ್ತರ ತನಕ ಓಡ್ಲಿ ಕಣೋ" ಎಂದರು. "ಬಳಸದಿದ್ರೆ ರದ್ದಾಗುತ್ತೆ."